ಮನೆ ಹಿಡಿಸಿದ ಹೃದಯ

ನಮ್ಮ ಊರಿನ ಪೋಸ್ಟ್‌ಮನ್ ಶಿವಲಿಂಗು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೂರುತ್ತಾನೆ. ಅವನಿಗೆ ಹಾಕಿದ ಹೃದಯ ಯಾವುದೋ ಬೇಕರಿಯವರ ಮನೆಯಲ್ಲಿ ಬೆಳೆದದ್ದು. ಆ ಹೊತ್ತಿಗೆ ಹಿಟ್ಟು ನಾದುವ ಸದ್ದು ಕೇಳದಿದ್ದರೆ ಅದಕ್ಕೆ ಸಮಾಧಾನವಿಲ್ಲ. ಹಾಗಾಗಿ ಅವನ ಹೆಂಡತಿ ಎದ್ದು, ಚಪಾತಿ ಹಿಟ್ಟನ್ನು ಮಣೆಯ ಮೇಲೆ ಹತ್ತು ನಿಮಿಷ ಬಡಿದು, ಮತ್ತೆ ಮಲಗುತ್ತಾಳೆ. "ಗಂಡ ಉಳಿದ್ನಲ್ಲ, ಹಿಟ್ಟು ಬಡಿಯೋದೇನ್ ಮಹಾ" ಅನ್ನುತ್ತಾಳೆ. ಹೈಸ್ಕೂಲಿನ ಹೆಡ್‌ಮಾಸ್ತರರ ಮನೆಯಲ್ಲಿ ಯಾರಿಗೂ ಹೊಲಿಗೆ ಬಾರದು, ಆದರೂ ಒಂದು ಹೊಲಿಗೆ ಯಂತ್ರವಿದೆ. ಮಧ್ಯಾಹ್ನ ಊಟವಾದ ಮೇಲೆ ಸೊಸೆ ಸೂಜಿಗೆ ದಾರವನ್ನೂ ಹಾಕದೆ ಅದನ್ನು ತುಳಿಯುತ್ತಾಳೆ, ಮಾವನಿಗೆ ನಿದ್ದೆ ಹತ್ತುತ್ತದೆ.

ಹೃದಯಗಳು ತಯಾರಾಗುವುದು ಇಲ್ಲಿನ ಕಾರ್ಖಾನೆಯಲ್ಲೇ. ಮುಷ್ಟಿಗಿಂತ ಚಿಕ್ಕ ಪಂಪು. ನಿಜ ಹೇಳಬೇಕೆಂದರೆ ಅದು ಪೂರ್ತಿ ಹೃದಯವಲ್ಲ, ಸೋತುಹೋದ ಹೃದಯಕ್ಕೆ ಹೆಗಲು ಕೊಡುವ ಯಂತ್ರ. ಆದರೆ ಊರಿನವರ ಬಾಯಲ್ಲಿ ಅದೇ ಹೃದಯ. ಒಳಗೊಂದು ಚಕ್ರ ತಿರುಗುತ್ತಾ ರಕ್ತವನ್ನು ಎಳೆದು ಮುಂದಕ್ಕೆ ದೂಡುತ್ತದೆ. ಹೊಟ್ಟೆಯಿಂದ ಒಂದು ತಂತಿ ಹೊರಬಂದು ಸೊಂಟದ ಪಟ್ಟಿಯಲ್ಲಿರುವ ಪುಟ್ಟ ಪೆಟ್ಟಿಗೆಗೆ, ಅಲ್ಲಿಂದ ಎರಡು ಬ್ಯಾಟರಿಗಳಿಗೆ ಸೇರುತ್ತದೆ. ಆ ತಂತಿಯ ಮೇಲೆ ಮಖಮಲ್ಲಿನಂಥ ಹೊದಿಕೆ ಇರುತ್ತದೆ, ಚರ್ಮ ಅದನ್ನು ಹಿಡಿದುಕೊಂಡು ಬೆಳೆಯಬೇಕು. ಅದನ್ನು ಹೊಲಿಯುವವರಲ್ಲಿ ನಾನೂ ಒಬ್ಬಳು. ಇಪ್ಪತ್ತೆರಡು ವರ್ಷದಿಂದ ಭೂತಗನ್ನಡಿಯ ಕೆಳಗೆ ಕತ್ತು ಬಗ್ಗಿಸಿ ಕೂತಿದ್ದೇನೆ.

ಕಾರ್ಖಾನೆಯ ಮೇಜಿನ ಮೇಲೆ ಈ ಹೃದಯಗಳು ವರ್ಷಗಟ್ಟಲೆ ಓಡುತ್ತವೆ. ಹಾಗೇ ತೆಗೆದು ಎದೆಯೊಳಗಿಟ್ಟರೆ ಮೂರನೆಯ ದಿನ ನಿಲ್ಲುತ್ತವೆ. ಅದಕ್ಕೇ ಮೊದಲು ಮನೆ ಹಿಡಿಸಬೇಕು. ಗಾಜಿನ ಜಾಡಿಗೆ ಉಪ್ಪುನೀರು ತುಂಬಿ, ಹೃದಯವನ್ನು ಅದರೊಳಗೆ ಓಡಲು ಬಿಟ್ಟು, ಬಾಯಿಗೆ ಕಟ್ಟಿಕೊಳ್ಳಲು ಮಡಿಸಿದ ಬಟ್ಟೆಯೊಂದನ್ನು ಜೊತೆಗಿಟ್ಟು, ಒಂದು ಸಂಸಾರಕ್ಕೆ ಮೂರು ತಿಂಗಳ ಮಟ್ಟಿಗೆ ಕೊಡುತ್ತಾರೆ. ಮನೆಯಲ್ಲಿ ನಾಲ್ಕು ಜನಕ್ಕೆ ಕಡಿಮೆ ಇರಬಾರದು. ಪ್ರತಿ ಸಂಜೆ ಬಟ್ಟೆ ಬಿಚ್ಚಿ, ಮನೆಯ ಮಾತುಕತೆ ಅದಕ್ಕೆ ಕೇಳುವಂತೆ ಇಡಬೇಕು. ಅವಧಿ ಮುಗಿದ ಮೇಲೆ ಆ ಮನೆಯವರು ಜಾಡಿಯ ಜೊತೆ ಒಂದು ಚೀಟಿ ಬರೆದು ಕೊಡುತ್ತಾರೆ: ಎಷ್ಟು ಹೊತ್ತಿಗೆ ಏಳುತ್ತೇವೆ, ಯಾವಾಗ ಏನು ಸದ್ದು, ಎಂದು. ಅದರಲ್ಲಿ ಹೆಸರಿರುವುದಿಲ್ಲ. ಹೃದಯ ಪಡೆದವರ ಮನೆಯವರು ಆ ಚೀಟಿಯಂತೆ ನಡೆದುಕೊಂಡರೆ ಆಯಿತು, ಹೃದಯ ಒಗ್ಗಿಕೊಳ್ಳುತ್ತದೆ.

ನನ್ನ ಗಂಡ, ಅತ್ತೆ ಇದ್ದಾಗ ನಾವೂ ಮೂರು ಹೃದಯಗಳಿಗೆ ಮನೆ ಹಿಡಿಸಿದ್ದೆವು. ಈಗ ಉಳಿದವರು ನಾನು ಮತ್ತು ಮಗಳು ಚಂದ್ರಿಕಾ. ಅವಳ ಅಪ್ಪ ಹೋಗಿ ಆರು ವರ್ಷವಾಯಿತು. ಅಂದಿನಿಂದ ಮನೆಯಲ್ಲಿ ಮೌನ ಬಂದು ಕೂರಲು ನಾನು ಬಿಟ್ಟಿರಲಿಲ್ಲ. ಕೆಲಸದಿಂದ ಬಂದವಳೇ ಚಪ್ಪಲಿ ಬಿಡುತ್ತಲೇ ಮಾತು ಶುರು. ಯಾರು ಏನಂದರು, ಬೇಳೆ ಬೆಂದಿತೋ ಇಲ್ಲವೋ, ಬೀದಿಯಲ್ಲಿ ಯಾವ ನಾಯಿ ಮರಿ ಹಾಕಿತು. ಮಾತು ನಿಲ್ಲಿಸಿದರೆ ಅವನಿಲ್ಲದ್ದು ಕೇಳಿಸುತ್ತದೆ ಎಂದು ನನಗೆ ಭಯವಿತ್ತು. ಮಗಳಿಗೂ ಹಾಗೇ ಎಂದುಕೊಂಡಿದ್ದೆ.

ಹೋದ ವರ್ಷ ಒಂದು ಜ್ವರ ಬಂದು ಹೋಯಿತು. ಹೋಗುವಾಗ ಚಂದ್ರಿಯ ಹೃದಯದ ಶಕ್ತಿಯನ್ನೂ ತೆಗೆದುಕೊಂಡು ಹೋಯಿತು. ಹದಿನಾರರ ಹುಡುಗಿ ಮೂರು ಮೆಟ್ಟಿಲು ಹತ್ತಿ ಗೋಡೆ ಹಿಡಿಯುತ್ತಿದ್ದಳು. ಪಾದ ಊದಿ ಚಪ್ಪಲಿ ಸೇರುತ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಬೆನ್ನಿಗೆ ನಾಲ್ಕು ದಿಂಬು ಕೊಟ್ಟು ಕೂರಿಸಿಯೇ ನಿದ್ದೆ ಮಾಡಿಸಬೇಕಿತ್ತು. ಕೊನೆಗೆ ಅವಳಿಗೂ ಹೃದಯ ಹಾಕಿದರು. ಆಸ್ಪತ್ರೆಯಿಂದ ಬಂದ ಮೊದಲ ದಿನ ಅಭ್ಯಾಸಬಲದಿಂದ ಮಣಿಕಟ್ಟು ಹಿಡಿದೆ. ನಾಡಿ ಇಲ್ಲ. ಈ ಹೃದಯ ಬಡಿಯುವುದಿಲ್ಲ, ಒಂದೇ ಸಮ ಹರಿಸುತ್ತದೆ. ಗೊತ್ತಿದ್ದ ಸಂಗತಿಯೇ, ಆದರೂ ಇನ್ನೊಂದು ಕೈಯನ್ನೂ ಹಿಡಿದು ನೋಡಿದೆ. ಎದೆಗೆ ಕಿವಿಯಿಟ್ಟಾಗ ದೂರದಲ್ಲೆಲ್ಲೋ ದುಂಬಿ ಇರುವಂತೆ ಸಣ್ಣಗೆ ಗುಂಯ್ ಎಂದಿತು.

ಚೀಟಿ ಹೀಗಿತ್ತು: "ಮನೆಯಲ್ಲಿ ಜನ ಐದು. ಬೆಳಿಗ್ಗೆ ಐದೂವರೆಗೆ ಅಂಗಳ ಗುಡಿಸುವ ಸದ್ದು. ಆಮೇಲೆ ಕೊಳಾಯಿ, ಯಜಮಾನರ ಕೆಮ್ಮು. ಮಧ್ಯಾಹ್ನ ಅಜ್ಜಿ ಅಕ್ಕಿ ಆರಿಸುತ್ತಾರೆ. ಸಂಜೆ ಆರಕ್ಕೆ ದೀಪ ಹಚ್ಚುತ್ತೇವೆ. ಮೊಮ್ಮಕ್ಕಳಿಬ್ಬರು ಗಟ್ಟಿಯಾಗಿ ಮಗ್ಗಿ ಹೇಳುತ್ತಾರೆ. ಸೊಸೆ ಒಗ್ಗರಣೆ ಹಾಕುತ್ತಾಳೆ. ಎಲ್ಲರೂ ಒಟ್ಟಿಗೆ ಕೂತು ಊಟ. ಜಗಳ ಇಲ್ಲ."

ಚಂದ್ರಿ ಬೆರಳು ಮಡಿಸಿ ಎಣಿಸಿದಳು. "ಅಜ್ಜ, ಅಜ್ಜಿ, ಸೊಸೆ, ಮಕ್ಕಳಿಬ್ರು. ಐದಾಯ್ತು. ಅಮ್ಮಾ, ಸೊಸೆ ಇದ್ದಾಳೆ, ಮಗ ಎಲ್ಲಿ?"

"ಒಗ್ಗರಣೆ ಘಾಟಿಗೆ ಓಡಿಹೋಗಿರ್ಬೇಕು" ಅಂದೆ. ನಗುವಾಗ ಹೊಲಿಗೆ ಎಳೆದು ಅವಳು ಎದೆ ಹಿಡಿದುಕೊಂಡಳು.

ನಾನು ಆ ಮನೆಯನ್ನು ನಮ್ಮ ಮನೆಯೊಳಗೆ ಕಟ್ಟಿದೆ. ಐದೂವರೆಗೆ ಎದ್ದು ಅಂಗಳ ಗುಡಿಸಿದೆ, ಕೊಳಾಯಿ ಬಿಟ್ಟೆ, ಬಾರದ ಕೆಮ್ಮು ಕೆಮ್ಮಿದೆ. ಕಾರ್ಖಾನೆಯಲ್ಲಿ ಪಾಳಿ ಬದಲಾಯಿಸಿಕೊಂಡು ಐದಕ್ಕೇ ಮನೆ ಸೇರತೊಡಗಿದೆ. ಹಗಲೆಲ್ಲ ಚಂದ್ರಿಯ ಜೊತೆಗಿರುತ್ತಿದ್ದ ಪಕ್ಕದ ಮನೆಯ ಜುಲೇಖಾ ಸಂಜೆಗೆ ತನ್ನ ಇಬ್ಬರು ಮಕ್ಕಳನ್ನೂ ಕರೆತಂದು ಮಗ್ಗಿ ಹೇಳಿಸುತ್ತಿದ್ದಳು. ಒಗ್ಗರಣೆ ನನ್ನದು. ಪೆಟ್ಟಿಗೆಯ ಮೇಲೆ, ನಿಮಿಷಕ್ಕೆ ಎಷ್ಟು ಲೀಟರು ರಕ್ತ ಹರಿಯುತ್ತಿದೆ ಎನ್ನುವ ಅಂಕಿ ಕಾಣುತ್ತದೆ. ಬೆಳಿಗ್ಗೆ ಅದು ನಾಲ್ಕು ಪಾಯಿಂಟ್ ನಾಲ್ಕು. ಮಧ್ಯಾಹ್ನವೂ ಅಷ್ಟೆ. ಸಂಜೆ ಆರಕ್ಕೆ ದೀಪ ಹಚ್ಚಿ, ಮಕ್ಕಳು ಎರಡೊಂದ್ಲಿ ಎರಡು ಎಂದು ಶುರುಮಾಡಿದ್ದೇ ತಡ, ಅಂಕಿ ಇಳಿಯುತ್ತಿತ್ತು. ನಾಲ್ಕು. ಮೂರೂವರೆ. ಮೂರು. ಪೆಟ್ಟಿಗೆ ಕೀ ಕೀ ಎಂದು ಕೂಗಿಕೊಳ್ಳುತ್ತಿತ್ತು. ಚಂದ್ರಿಯ ತುಟಿ ಬಿಳಿಚಿಕೊಳ್ಳುತ್ತಿತ್ತು. ಎಂಟೂವರೆಯ ಮೇಲೆ ತಾನಾಗಿ ಸರಿಹೋಗುತ್ತಿತ್ತು.

ಸದ್ದು ಸಾಲುತ್ತಿಲ್ಲ ಎಂದುಕೊಂಡೆವು. ಯಾರಾದರೂ ಹಾಗೇ ಎಂದುಕೊಳ್ಳುತ್ತಿದ್ದರು. ಜುಲೇಖಾ ತನ್ನ ತಂಗಿಯ ಮಕ್ಕಳನ್ನೂ ತಂದಳು. ಒಗ್ಗರಣೆಗೆ ಸಾಸಿವೆ ಹೆಚ್ಚಿಸಿದೆ. ಹೊಸದಾಗಿ ಏನೇನೋ ಸುದ್ದಿ ಹುಟ್ಟಿಸಿಕೊಂಡು ಮಗಳ ಕಿವಿಯ ಹತ್ತಿರವೇ ಕೂತು ಮಾತಾಡಿದೆ. ಅಂಕಿ ಎರಡೂವರೆಗೆ ಬಂತು.

ಡಾಕ್ಟರಮ್ಮ ಪೆಟ್ಟಿಗೆಯಲ್ಲಿ ಉಳಿದಿದ್ದ ಅಂಕಿಗಳನ್ನೆಲ್ಲ ನೋಡಿ ಕನ್ನಡಕ ತೆಗೆದರು. "ಪಂಪಲ್ಲಿ ದೋಷ ಇಲ್ಲ. ಮನೆ ಹಿಡೀತಿಲ್ಲ ಅಷ್ಟೆ. ಎರಡಕ್ಕೆ ಇಳಿದ್ರೆ ಒಳಗೆ ರಕ್ತ ಹೆಪ್ಪುಗಟ್ಟುತ್ತೆ. ಸೋಮವಾರದ ತನಕ ನೋಡೋಣ, ಆಮೇಲೆ ತೆಗೀಲೇಬೇಕಾಗುತ್ತೆ."

"ತೆಗೆದು ಬೇರೆ ಹಾಕ್ತೀರಲ್ಲಾ?"

"ಮನೆ ಹಿಡಿಸಿದ್ದು ಯಾವುದೂ ಈಗ ಸಿದ್ಧ ಇಲ್ಲ ವನಜಾಕ್ಷಿ. ಇನ್ನೂ ಎರಡು ತಿಂಗಳು ಬೇಕು." ಅವರು ನನ್ನ ಮುಖ ನೋಡಲಿಲ್ಲ. "ಅಷ್ಟು ದಿನ ಅವಳ ಸ್ವಂತದ್ದು ತಡೆಯೋಲ್ಲ. ಸದ್ಯಕ್ಕೆ ಒಂದು ನಿಮಿಷಾನೂ ಒಬ್ಬಳನ್ನೇ ಬಿಡಬೇಡಿ."

ಅದು ಗುರುವಾರ. ಆ ಸಂಜೆ ಆರು ಮಕ್ಕಳು ಹದಿಮೂರರ ಮಗ್ಗಿ ಹೇಳುತ್ತಿದ್ದಾಗ ಚಂದ್ರಿ ಗೋಡೆಯ ಕಡೆ ತಿರುಗಿ, "ಅಮ್ಮಾ, ಸಾಕು ಮಾಡೇ. ನೀನು ಒಂದೇ ಒಂದು ನಿಮಿಷ ಸುಮ್ನಿರ್ತೀಯಾ?" ಅಂದಳು. ಬೇಡುವಂತೆ ಅಂದಳು. ನೋವಿಗೆ ಹಾಗನ್ನುತ್ತಾಳೆ ಎಂದು ತಲೆ ಸವರಿ, ಮತ್ತೆ ಮಾತು ಮುಂದುವರಿಸಿದೆ.

ಮರುದಿನ ಕಾರ್ಖಾನೆಯ ಉಗ್ರಾಣದ ಹಾಲಪ್ಪನ ಹತ್ತಿರ ಹೋದೆ. ಜಾಡಿಗಳು ಮರಳಿ ಬರುವುದು ಅವನ ಕೈಗೆ. ಯಾವ ಮನೆ ಎಂದು ಹೇಳಿದರೆ ಅವನ ಕೆಲಸ ಹೋಗುತ್ತದೆ.

"ಆ ಮಾತು ಕೇಳ್ಬೇಡಿ ವನಜಕ್ಕ. ಕಾಲಿಗೆ ಬೀಳ್ತೀನಿ."

"ಮನೆ ಬೇಡ ಮಾರಾಯ. ಜಾಡಿಯ ಬಟ್ಟೆ ತೋರಿಸು. ನಾನು ಬಟ್ಟೆ ಕೆಲಸದವಳು, ನೋಡ್ತೀನಿ ಅಷ್ಟೆ."

ಅವನು ಮೂಟೆ ಬಿಚ್ಚಿ ಹರವಿದ. ಜಾಡಿಯ ಬಾಯಿಗೆ ಕಟ್ಟಿ ಮನೆಗಳಿಂದ ಬಂದ ಬಟ್ಟೆಗಳು. ಒಂದರ ಮೇಲೆ ಅರಿಶಿನದ ಬೆರಳು, ಒಂದರ ಮೇಲೆ ಮಗುವಿನ ಶಾಯಿ, ಒಂದರ ಅಂಚು ದೀಪಕ್ಕೆ ಸುಟ್ಟದ್ದು. ಎಲ್ಲದರ ಅಂಚಿನಲ್ಲೂ ದಿನಾ ಬಿಚ್ಚಿ ಕಟ್ಟಿದ ದಾರದ ಗುರುತು ಹತ್ತಾರು ಕಡೆ. ಚಂದ್ರಿಯ ಹೃದಯದ ನಂಬರು ಹಾಕಿದ ಬಟ್ಟೆಯನ್ನು ಎತ್ತಿದೆ. ಕಾರ್ಖಾನೆಯಲ್ಲಿ ಮಡಿಸಿದ ಗೆರೆ ನಾಲ್ಕೂ ಹಾಗೇ ಇದ್ದವು. ಎಣ್ಣೆಯಿಲ್ಲ, ಮಸಿಯಿಲ್ಲ. ದಾರದ ಗುರುತು ಒಂದೇ ಸುತ್ತು, ಆಳವಾಗಿ. ಕಟ್ಟಿದವರು ಒಂದು ಸಲ ಕಟ್ಟಿದ್ದಾರೆ, ಆಮೇಲೆ ಮೂರು ತಿಂಗಳು ಮುಟ್ಟಿಲ್ಲ. ತುದಿಯಲ್ಲಿ ದಾರ ಇನ್ನೂ ಗಂಟಿನಲ್ಲೇ ನೇತಾಡುತ್ತಿತ್ತು. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ, ಎರಡು ಕಿವಿಯ ಗಂಟು. ಹಳೆಯ ಪ್ಯಾಕಿಂಗ್ ವಿಭಾಗದವರು ಪೆಟ್ಟಿಗೆಗಳಿಗೆ ಹಾಕುತ್ತಿದ್ದದ್ದು. ಆ ವಿಭಾಗ ಮುಚ್ಚಿ ಹದಿನೈದು ವರ್ಷವಾಯಿತು. ಅಲ್ಲಿನವರಲ್ಲಿ ಊರಿನಲ್ಲಿ ಉಳಿದಿರುವುದು ಒಬ್ಬರೇ, ದಾಸೇಗೌಡರು.

ನಾನು ತಲೆ ಎತ್ತಿದಾಗ ಹಾಲಪ್ಪ ಕಿಟಕಿಯ ಆಚೆ ನೋಡುತ್ತಿದ್ದ. "ನಾನೇನೂ ಹೇಳ್ಲಿಲ್ಲ. ನೀವು ಬಟ್ಟೆ ನೋಡಿದ್ರಿ" ಅಂದ.

ಶನಿವಾರ ಚಂದ್ರಿಯನ್ನು ಜುಲೇಖಾಳಿಗೆ ಒಪ್ಪಿಸಿ, ನೀರಿನ ಟ್ಯಾಂಕಿನ ಹಿಂದಿನ ಓಣಿಗೆ ಹೋದಾಗ ಆರು ದಾಟಿತ್ತು. ದಾಸೇಗೌಡರ ಮನೆಗೆ ಬೀಗ. ಐದು ಜನರ ಮನೆ, ದೀಪ ಹಚ್ಚುವ ಹೊತ್ತು, ಬೀಗ. ಎದುರು ಮನೆಯ ಹೆಂಗಸು, "ಈ ಹೊತ್ತಲ್ಲಿ ಅವ್ರು ಯಾವತ್ತೂ ಇರಲ್ಲ. ಬಸ್ ಸ್ಟ್ಯಾಂಡಲ್ಲಿ ನೋಡಿ" ಅಂದಳು.

ಕೊನೆಯ ಬೆಂಚಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಎಲ್ಲಿಗೋ ಹೊರಟವರಂತೆ ಕೂತಿದ್ದರು. ನಾನು ಪಕ್ಕದಲ್ಲಿ ಕೂತು ಮಡಿಲ ಮೇಲೆ ಬಟ್ಟೆ ಹರವಿದೆ. ಅವರು ಅದನ್ನು ನೋಡಿದರು.

"ನಿಂತೋಯ್ತಾ ತಾಯಿ?"

"ಇನ್ನೂ ಇಲ್ಲ."

"ಯಾರಿಗೆ ಹಾಕವ್ರೆ?"

"ನನ್ನ ಮಗಳಿಗೆ. ಹದಿನಾರು ವರ್ಷ."

ಅವರು ಎರಡೂ ಕೈ ಮೊಣಕಾಲಿನ ಮೇಲಿಟ್ಟುಕೊಂಡು ಬಗ್ಗಿದರು. ಬಿದ್ದಾರು ಎಂದು ನಾನು ತೋಳು ಹಿಡಿದೆ. ಬೈಯಲು ಬಂದವಳು ನಾನು, ದಾರಿಯುದ್ದಕ್ಕೂ ಮಾತು ಮಸೆದುಕೊಂಡು ಬಂದಿದ್ದೆ.

"ಐದು ಜನ ಎಲ್ಲಿ ಗೌಡ್ರೇ?"

"ನಾನೊಬ್ನೇಯ."

"ಅಜ್ಜಿ?"

"ಮದ್ವೇನೇ ಆಗ್ಲಿಲ್ಲ ಕಣವ್ವ."

"ಆ ಮಕ್ಕಳ ಮಗ್ಗಿ?"

"ಇಸ್ಕೂಲ್ ಮುಂದೆ ಹೋಗ್ವಾಗ ಕೇಳಿದ್ದೆ. ಮನೇಲಿದ್ರೆ ಚೆಂದ ಅನ್ನಿಸ್ತು."

"ಸೊಸೇನ ಬರೆದಿದ್ದೀರಿ, ಮಗನ್ನೇ ಬರೆದಿಲ್ಲ."

ಅವರು ತಲೆ ಎತ್ತಿದರು. "ಹೌದಲ್ವಾ" ಅಂದರು. "ಅವ್ನನ್ನ ಮರ್ತೇಬಿಟ್ಟೆ."

ಒಂದು ಬಸ್ಸು ಬಂತು. ಜನ ಇಳಿದರು, ಚೀಲ ಎತ್ತಿಕೊಂಡರು, ಒಬ್ಬರನ್ನೊಬ್ಬರು ಕೂಗಿ ಕರೆದುಕೊಂಡು ಹೋದರು. ಅದು ಖಾಲಿಯಾಗುವ ತನಕ ದಾಸೇಗೌಡರು ನೋಡಿದರು. ಆಮೇಲೆ ಹೇಳಿದರು: "ಮೂವತ್ತೊಂದು ವರ್ಷ ಪ್ಯಾಕ್ ಮಾಡಿವ್ನಿ. ಎಲ್ಲಾ ನಿಂತಿರೋವೇ ನನ್ ಕೈಗೆ ಬರ್ತಿದ್ದೋ. ಓಡೋದು ಒಂದ್ನೂ ನೋಡಿರ್ಲಿಲ್ಲ. ಓಡ್ತಿರೋದ್ನ ಒಂದ್ಸಲ ಮನೇಲಿಟ್ಕೋಬೇಕು ಅಂತ ಆಸೆ. ಒಬ್ನೇ ಅಂದ್ರೆ ಕೊಡಲ್ವಲ್ಲ. ಬರ್ದೆ. ಬರೀತಾ ಬರೀತಾ ಜನ ಜಾಸ್ತಿ ಆದ್ರು. ಅಂಗ್ಳ ಗುಡ್ಸೋದು, ನಲ್ಲಿ, ಕೆಮ್ಮು, ಅವೆಲ್ಲ ನಂದೇ. ಸುಳ್ಳಲ್ಲ."

"ಸಂಜೆ ಅದನ್ನ ಏನು ಮಾಡ್ತಿದ್ರಿ?"

"ಬೀಗ ಹಾಕ್ಕೊಂಡು ಇಲ್ಲಿಗ್ ಬರ್ತಿದ್ದೆ. ಆರಕ್ಕೆ ಬಂದ್ರೆ ಎಂಟೂವರೆ. ಸಂಜೆ ಒತ್ನಲ್ಲಿ ಆ ಮನೇಲಿ ಕೂರಾಕಾಗಲ್ಲ ನಂಗೆ, ಗೋಡೆಯೆಲ್ಲಾ ಮೈಮೇಲೆ ಬಂದಂಗಾಯ್ತದೆ. ಅದ್ನೂ ಎತ್ಕೊಂಡ್ ಬರಾನಾ ಅಂತಿದ್ದೆ. ಜಾಡಿ ಒಡೆದ್ರೆ ಅಂತ ಭಯ. ಬಟ್ಟೆ ಬಿಚ್ಚಿ ಏನ್ ಕೇಳಿಸ್ಲಿ? ಕಟ್ಟಿದ್ದು ಕಟ್ಟಿದಂಗೇ ಇತ್ತು."

ಆಗ ನನಗೆ ಗೊತ್ತಾಯಿತು. ತೊಂಬತ್ತು ಸಂಜೆ ಆ ಹೃದಯ ಬೀಗ ಹಾಕಿದ ಕತ್ತಲ ಮನೆಯಲ್ಲಿ, ಒಂದು ಪಿಸುಮಾತೂ ಕೇಳದೆ ಓಡಿದೆ. ಅದಕ್ಕೆ ತಿಳಿದ ಸಂಜೆ ಅದೊಂದೇ. ನಾನು ಅದರ ಸುತ್ತ ಆರು ಮಕ್ಕಳನ್ನು ಕೂರಿಸಿ ಮಗ್ಗಿ ಹೇಳಿಸಿದ್ದೆ.

ಮನೆಗೆ ಬಂದು, ಸಂಜೆ ಚಂದ್ರಿಯನ್ನು ಕತ್ತಲಲ್ಲಿ ಒಬ್ಬಳನ್ನೇ ಬಿಡಬೇಕು ಎಂದು ಹೇಳಿದಾಗ ಜುಲೇಖಾ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಹುಚ್ಚಾ ನಿಮಗೆ? ಒಬ್ಬಳನ್ನೇ ಬಿಡಬಾರದು ಅಂತ ಡಾಕ್ಟರೇ ಹೇಳಿದಾರೆ."

ಚಂದ್ರಿ ಒಂದು ಗಳಿಗೆಯೂ ಯೋಚಿಸಲಿಲ್ಲ. "ನಾಳೆ ಹೋಗಮ್ಮ" ಅಂದಳು.

"ಬ್ಯಾಟರಿ ಮುಗಿದ್ರೆ?"

"ಒಂದು ತೆಗೆದು, ಹೊಸದು ಹಾಕಿ, ಆಮೇಲೆ ಇನ್ನೊಂದು. ಎರಡೂ ಒಟ್ಟಿಗೆ ತೆಗೀಬಾರ್ದು. ನೂರು ಸಲ ಹೇಳಿದೀಯ."

"ತಲೆ ಸುತ್ತಿದ್ರೆ?"

"ಬೀಳ್ತೀನಿ. ನೀನಿದ್ರೂ ಬೀಳ್ತೀನಿ."

ಭಾನುವಾರ ಆರಕ್ಕೆ ಐದು ನಿಮಿಷವಿದ್ದಾಗ ನೀರಿನ ಲೋಟ, ಎರಡು ಬ್ಯಾಟರಿ, ಫೋನು ಅವಳ ಕೈಗೆಟುಕುವಂತೆ ಇಟ್ಟೆ. ಇನ್ನೊಂದು ಬೀಗದ ಕೈಯನ್ನು ಜುಲೇಖಾಳಿಗೆ ಕೊಟ್ಟೆ. ದೀಪ ಆರಿಸಿದೆ. ಏನಾದರೂ ಹೇಳಬೇಕೆಂದು ಬಾಗಿಲಲ್ಲಿ ನಿಂತೆ. ಅವಳು ಕತ್ತಲಿನಿಂದಲೇ, "ಅಮ್ಮಾ, ಆರಾಯ್ತು" ಅಂದಳು. ಮಗಳನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕುವ ಸದ್ದು ಎಂಥದ್ದು ಎಂದು ಅವತ್ತು ತಿಳಿಯಿತು. ಗೋಡೆಯ ಆಚೆ ನಿಲ್ಲಬಹುದಿತ್ತು. ಆದರೆ ನಾನು ನಿಂತರೆ ಸುಮ್ಮನೆ ನಿಲ್ಲುವವಳಲ್ಲ. ನಡೆದುಬಿಟ್ಟೆ.

ದಾಸೇಗೌಡರು ಸರಿದು ಜಾಗ ಮಾಡಿದರು. ಎರಡೂವರೆ ಗಂಟೆ ನಾವಿಬ್ಬರೂ ಬಸ್ಸುಗಳನ್ನು ನೋಡಿದೆವು. ಜನ ಇಳಿದು, ತಮ್ಮವರನ್ನು ಹುಡುಕಿ, ಸಿಕ್ಕ ಕೂಡಲೇ ನಮ್ಮ ಕಡೆ ಬೆನ್ನು ಹಾಕಿ ನಡೆಯುತ್ತಿದ್ದರು. ಮಡಿಲಲ್ಲಿ ಫೋನು ಹಿಡಿದುಕೊಂಡಿದ್ದೆ, ಅದು ಬೆವರಿಗೆ ಒದ್ದೆಯಾಗಿತ್ತು. ಆರು ವರ್ಷದಲ್ಲಿ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿದ್ದು ಅದೇ ಮೊದಲು. ಏನು ಕೇಳಿಸೀತು ಎಂದು ಹೆದರಿದ್ದೆನೋ ಅದು ಕೇಳಿಸಿತು. ನನ್ನ ಗಂಡ ಇಲ್ಲ. ಅವನಿಲ್ಲದ್ದು ಇಂಜಿನ್ನುಗಳ ಸದ್ದಿನ ಮಧ್ಯೆಯೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕಣ್ಣೊರೆಸಿಕೊಂಡಾಗ ದಾಸೇಗೌಡರು ಊರಿನ ಹೆಸರಿನ ಫಲಕ ಓದುವವರಂತೆ ಎದುರಿನ ಬಸ್ಸನ್ನೇ ದಿಟ್ಟಿಸಿದರು.

ಎಂಟೂವರೆಗೆ ಬಂದು ಬೀಗ ತೆಗೆದೆ. ಒಳಗೆ ಚಂದ್ರಿ ದಿಂಬುಗಳನ್ನೆಲ್ಲ ನೆಲಕ್ಕೆ ತಳ್ಳಿ, ಚಾಪೆಯ ಮೇಲೆ ಸಪಾಟಾಗಿ ಮಲಗಿದ್ದಳು. ವರ್ಷದ ಮೇಲಾಗಿತ್ತು ಅವಳು ಹಾಗೆ ಮಲಗಿ. ಮಂಡಿಯೂರಿ ಪೆಟ್ಟಿಗೆಯ ಮೇಲೆ ಕಣ್ಣಿಟ್ಟೆ. ನಾಲ್ಕು ಪಾಯಿಂಟ್ ನಾಲ್ಕು. ಖಾಲಿ ಬ್ಯಾಟರಿಗಳನ್ನು ತಾನೇ ಬದಲಾಯಿಸಿ ಚಾರ್ಜಿಗೆ ಹಾಕಿದ್ದಳು.

ಕಣ್ಣು ಬಿಟ್ಟು, "ಹುಟ್ಟಿದಾಗಿಂದ ನಾನು ಇಷ್ಟು ಹೊತ್ತು ಒಬ್ಳೇ ಇರ್ಲಿಲ್ಲ ಅಲ್ವಾ?" ಅಂದಳು.

"ಹೇಗಿತ್ತು?"

"ಚೆನ್ನಾಗಿತ್ತು." ನನ್ನ ಮುಖ ನೋಡಿದಳು. "ಅಪ್ಪನ್ನ ನೆನೆಸ್ಕೊಂಡೆ. ನೀನು ಮಾತಾಡ್ತಿದ್ರೆ ಅದಕ್ಕೆ ಪುರುಸೊತ್ತೇ ಸಿಗಲ್ಲ. ನೀನೆಲ್ಲಿ ಕೂತಿದ್ದೆ?"

ಸೋಮವಾರ ಡಾಕ್ಟರಮ್ಮ ಅಂಕಿಗಳನ್ನು ಎರಡು ಸಲ ನೋಡಿದರು, ಆಮೇಲೆ ನನ್ನನ್ನು ಚೆನ್ನಾಗಿ ಬೈದರು, ಆಮೇಲೆ ಮನೆಗೆ ಕಳಿಸಿದರು. ದಾಸೇಗೌಡರು ತಾವೇ ಕಾರ್ಖಾನೆಗೆ ಹೋಗಿ ಎಲ್ಲ ಹೇಳಿ ಬಂದರು. ಈಗ ಜಾಡಿ ಕೊಡುವ ಮೊದಲು ಮನೆಗೇ ಬಂದು ತಲೆ ಎಣಿಸುತ್ತಾರೆ.

ಬೇರೆ ತಾಯಂದಿರ ಮಕ್ಕಳು ಸಂಜೆ ಮನೆ ಸೇರುವ ಹೊತ್ತಿಗೆ ನಾನು ಮನೆ ಬಿಡುತ್ತಿದ್ದೆ. ಇಡೀ ದಿನ ದುಡಿದು ಬಂದು, ಅವಳಿಗೆ ತಿಂಡಿ ಕೊಟ್ಟು, ಒಂದು ಗಂಟೆಯೂ ಕಳೆಯುವ ಮೊದಲೇ ಮತ್ತೆ ಚಪ್ಪಲಿ ಮೆಟ್ಟುತ್ತಿದ್ದೆ. ಅವಳು ಬೆಳೆಯುತ್ತಿದ್ದಾಳೆ. ಪಿಯುಸಿಗೆ ಸೇರಿದಳು. ಬ್ಯಾಟರಿ ಇಡಲು ಚೀಲವೊಂದನ್ನು ತಾನೇ ಹೊಲಿದುಕೊಂಡಳು, ಹೊಲಿಗೆ ಸೊಟ್ಟ. ನನಗೆ ಗೊತ್ತಿಲ್ಲದ ಎರಡೂವರೆ ಗಂಟೆ ಅವಳ ಬದುಕಿನಲ್ಲಿ ದಿನವೂ ಇತ್ತು.

ಒಮ್ಮೆ ಮನೆ ಹಿಡಿದ ಹೃದಯಕ್ಕೆ ಇನ್ನೊಂದು ಮನೆ ಹಿಡಿಸಬಹುದೇ ಎಂದು ಡಾಕ್ಟರಮ್ಮನನ್ನು ಕೇಳಿದೆ. "ಎದೆಯೊಳಗೆ ಹೋದ ಮೇಲೆ ಯಾರೂ ನೋಡಿಲ್ಲ. ಅವಸರ ಮಾಡಬೇಡಿ" ಅಂದರು. ಅವಸರ ಮಾಡಲಿಲ್ಲ. ಮೊದಲ ತಿಂಗಳು ಬಸ್ ಸ್ಟ್ಯಾಂಡಿನ ಬದಲು ಬೀದಿಯ ತುದಿಯ ಕಟ್ಟೆಯ ಮೇಲೆ ಕೂತೆ. ಅಂಕಿ ಅಲ್ಲಾಡಲಿಲ್ಲ. ಆಮೇಲೆ ನಮ್ಮ ಗೇಟು. ಅಲ್ಲಿ ಎರಡು ತಿಂಗಳಾಯಿತು. ಆಮೇಲೆ ಬೀಗ ಹಾಕದೆ ಮೆಟ್ಟಿಲ ಮೇಲೆ. ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ದಾಸೇಗೌಡರೊಬ್ಬರೇ ಉಳಿದರು. ಭಾನುವಾರ ಮಾತ್ರ ಹೋಗಿ ಅವರ ಪಕ್ಕ ಕೂತು ಬರುತ್ತೇನೆ. "ಎಲ್ಲೀಗಂಟ ಬಂದೆ ತಾಯಿ?" ಎಂದು ಕೇಳುತ್ತಾರೆ. "ಹಜಾರದ ತನಕ" ಎಂದಾಗ ಅವರ ಮುಖ ಅರಳಿತು.

ಈಗ ಎಂಟನೆಯ ತಿಂಗಳು. ಇವತ್ತು ಅಡುಗೆಮನೆಯ ಬಾಗಿಲ ತನಕ ಬಂದು, ದೀಪ ಹಚ್ಚದೆ, ಉಸಿರು ಸಣ್ಣಗೆ ಮಾಡಿಕೊಂಡು ನಿಂತೆ. ಚಂದ್ರಿ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಪುಸ್ತಕ ಹಿಡಿದು ಕೂತಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತು. ತಿರುಗದೆ, ಪೆಟ್ಟಿಗೆಯನ್ನು ಪಟ್ಟಿಯಿಂದ ಬಿಡಿಸಿ, ನನಗೆ ಕಾಣುವಂತೆ ಹೆಗಲ ಮೇಲೆ ಎತ್ತಿ ಹಿಡಿದಳು. ನಾಲ್ಕು ಪಾಯಿಂಟ್ ಎರಡು. ಒಂದು ಹೆಜ್ಜೆ ಮುಂದಿಟ್ಟೆ. ನಾಲ್ಕು. ಮಾತು ಗಂಟಲ ತನಕ ಬಂತು, ನುಂಗಿಕೊಂಡೆ. ಇನ್ನೊಂದು ಹೆಜ್ಜೆ ಇಟ್ಟೆ. ಮೂರು ಪಾಯಿಂಟ್ ಏಳು.

ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದೆ. ಅಂಕಿ ಮೆಲ್ಲಗೆ ನಾಲ್ಕಕ್ಕೆ ಬಂದು ನಿಂತಿತು. ನಾನು ಅಲ್ಲೇ, ನೆಲದ ಮೇಲೆ ಕೂತೆ.